ಬಟ್ಲರ್ ಆಡಿದ ಒಂದು ಮಾತು

ಮನುಷ್ಯ ಅಳಿದರೂ ಅವನ ಮಾತು ಉಳಿಯುತ್ತದೆ ಎಂದು ತಿಳಿದವರು ಹೇಳುತ್ತಾರೆ. ಪಕ್ಕದಲ್ಲಿ ನನ್ನಂಥವನು ಕೂತಿದ್ದರೆ ಉಳಿಯುವುದಿಲ್ಲ. ಮೊನ್ನೆ ಸಿನಿಮಾ ಮಂದಿರದಲ್ಲಿ ಹಿಂದಿನ ಸಾಲಿನ ಮಹನೀಯರೊಬ್ಬರು ಹೆಂಡತಿಗೆ ಕಥೆ ವಿವರಿಸುತ್ತಿದ್ದರು. ತಿರುಗಿ ಗದರಿಸಬೇಕೆಂದುಕೊಂಡೆ, ಆ ಹಕ್ಕನ್ನು ತೊಂಬತ್ತರ ದಶಕದ ಕೊನೆಯಲ್ಲೇ ರಾಟರ್‌ಡ್ಯಾಮಿನಲ್ಲಿ ಕಳೆದುಕೊಂಡದ್ದು ನೆನಪಾಗಿ ಸುಮ್ಮನಾದೆ.

ಆಗ ನಾನು ಕಂಪ್ಯೂಟರುಗಳಿಗೆ ಎರಡು ಸಾವಿರದ ಇಸವಿಯನ್ನು ಪರಿಚಯಿಸುವ ಘನಕಾರ್ಯಕ್ಕಾಗಿ ನೆದರ್ಲೆಂಡಿಗೆ ಬಂದಿದ್ದೆ. ನಾನೂ ಹೆಂಡತಿ ಸುಮಿತ್ರಾಳೂ ರೈಸ್‌ವೈಕ್ ಎಂಬ ಊರಿನಲ್ಲಿ ಒಬ್ಬ ವೃದ್ಧೆಯ ಮನೆಯ ಮಹಡಿಯಲ್ಲಿದ್ದೆವು. ಆಕೆಯನ್ನು ‘ಮೆವ್ರೌ’ ಎನ್ನುತ್ತಿದ್ದೆವು. ನಮ್ಮ ‘ಅಮ್ಮಾವ್ರೇ’ ಇದ್ದ ಹಾಗೆ. ಆಕೆಗೆ ನಾಲ್ಕು ವರ್ಷವಿದ್ದಾಗ ಅಪ್ಪ ಹಡಗು ಹತ್ತಿ ಹಾಲಿವುಡ್ಡಿಗೆ ಹೋದರಂತೆ. ನಾಯಕನಾಗಲು ಅಲ್ಲ, ಮೂಕಿ ಚಿತ್ರಗಳಲ್ಲಿ ನಾಯಕನ ಹಿಂದೆ ನಿಲ್ಲಲು. ಅವರ ಪತ್ರಗಳನ್ನು ಮೆವ್ರೌ ನಮಗೆ ಓದಿ ಹೇಳುತ್ತಿದ್ದರು: “ಈ ತಿಂಗಳು ಎರಡು ಸಲ ಸತ್ತೆ. ಒಂದು ಸಲ ಪಾದ್ರಿಯಾದೆ. ಆರೋಗ್ಯವಾಗಿದ್ದೇನೆ.” ಒಂದೇ ಯುದ್ಧದಲ್ಲಿ ಎರಡೂ ಸೈನ್ಯಗಳ ಪರವಾಗಿ ಮಡಿದ ವೀರರು ಅವರು. ಟಾಕಿ ಬಂದಾಗ ಆ ಡಚ್ ನಾಲಗೆಗೆ ಇಂಗ್ಲಿಷ್ ಒಗ್ಗಲಿಲ್ಲ. ಒಂದು ಚಿತ್ರದಲ್ಲಿ ಬಟ್ಲರನ ವೇಷ ಹಾಕಿಸಿ ಒಂದು ಮಾತು ಕೊಟ್ಟರು, ಅಷ್ಟೇ. ಆಮೇಲೆ ಕೆಲಸವೂ ಇಲ್ಲ, ಪತ್ರವೂ ಇಲ್ಲ. ಆಸಾಮಿ ಮರಳಲೂ ಇಲ್ಲ.

ಆ ಚಿತ್ರ ರಾಟರ್‌ಡ್ಯಾಮಿನ ಪುಟ್ಟ ಚಿತ್ರಮಂದಿರವೊಂದಕ್ಕೆ ಒಂದೇ ದಿನದ ಮಟ್ಟಿಗೆ ಬರುತ್ತದೆಂದು ತಿಳಿದು ಮೆವ್ರೌ ಮೂರು ಟಿಕೆಟು ತರಿಸಿದರು. “ಮುಖ ಫೋಟೋದಲ್ಲಿದೆ. ದನಿ ನೆನಪಿಲ್ಲ. ಒಂದು ಸಲ ಕೇಳಬೇಕು,” ಎಂದರು.

ಇಲ್ಲಿ ನಮ್ಮ ಪದ್ಧತಿಯೊಂದನ್ನು ನಿವೇದಿಸಿಕೊಳ್ಳಬೇಕು. ಮೈಸೂರಿನ ಟಾಕೀಸುಗಳಲ್ಲಿ ತಯಾರಾದ ನಾನು, ಪರದೆಯ ಮೇಲೆ ಯಾರು ಬಂದರೂ ಪಕ್ಕದವರಿಗೆ ಪರಿಚಯ ಮಾಡಿಕೊಡುವುದು ಧರ್ಮವೆಂದು ನಂಬಿದ್ದವನು. ಸಿನಿಮಾ ಶುರುವಾಗಿ ಮುಕ್ಕಾಲು ಗಂಟೆಯಾಗಿತ್ತು. ಬಾಗಿಲು ತೆರೆಯಿತು. ಫೋಟೋದಲ್ಲಿದ್ದ ಅದೇ ಮೀಸೆ, ಕೈಯಲ್ಲಿ ತಟ್ಟೆ. ಅವರು ಬಾಯಿ ತೆರೆದರು. ನಾನೂ ತೆರೆದೆ.

“ಅಗೋ, ಬಂದ್ರು ಬಂದ್ರು! ಇವ್ರೇ ತಾನೆ, ಮೆವ್ರೌ?”

ಕನ್ನಡದಲ್ಲೇ, ಇಡೀ ಮಂದಿರಕ್ಕೆ ಕೇಳುವಂತೆ. ಪರದೆಯ ಮೇಲೆ ಬಾಗಿಲು ಮುಚ್ಚಿತು. ಆ ಬಟ್ಲರ್ ಮತ್ತೆ ಬರಲಿಲ್ಲ.

ಮೆವ್ರೌ ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ದೀಪ ಹತ್ತಿದ ಮೇಲೆ ಸುಮಿತ್ರಾಳ ಕೈ ಹಿಡಿದು, “ನಿನ್ನ ಕಿವಿ ಚುರುಕು. ಏನೆಂದರು?” ಎಂದು ಕೇಳಿದರು.

ಅವಳು ಅವರ ಮುಖ ನೋಡಿ, “‘ಮಗು ಮಲಗಿದೆ, ಸರ್’ ಅಂದ್ರು,” ಎಂದಳು.

“ದನಿ ಹೇಗಿತ್ತು?”

“ದಪ್ಪ. ಆದ್ರೆ ತುಂಬ ಮೆತ್ತಗೆ ಹೇಳಿದ್ರು.”

ಮೆವ್ರೌ ಆ ಮಾತನ್ನು ಎರಡು ಸಲ ತುಟಿಯಲ್ಲೇ ಹೇಳಿಕೊಂಡು ಕೋಟು ಹಾಕಿಕೊಂಡರು.

ಮನೆಗೆ ಬಂದು ಮಹಡಿ ಹತ್ತಿದ ಮೇಲೆ, “ಸದ್ಯ, ನಿನಗಾದ್ರೂ ಕೇಳಿಸ್ತಲ್ಲ,” ಎಂದೆ.

“ನಿಮ್ಮ ಗಂಟಲಿನ ಮುಂದೆ ಯಾರಿಗೆ ಏನ್ರೀ ಕೇಳ್ಸತ್ತೆ? ಆ ಮುಖ ನೋಡಿ ಬಾಯಿಗೆ ಬಂದದ್ದು ಹೇಳ್ದೆ.”

“ತಟ್ಟೆ ಹಿಡ್ಕೊಂಡು ಬಂದೋರು ಮಗು ಮಲಗಿದೆ ಅಂತಾರೇನೇ?”

“ಸುಮ್ನಿರಿ. ಇವತ್ತಿಗೆ ಸಾಕಾಗೋಷ್ಟು ಮಾತಾಡಿದೀರಿ.”

ಅಂದಿನಿಂದ ಸಿನಿಮಾ ಮಂದಿರದಲ್ಲಿ ನಾನು ಬಾಯಿ ಬಿಡುವುದಿಲ್ಲ. ಮೊನ್ನೆಯೂ ಹಿಂದಿನ ಸಾಲಿನವರ ವಿವರಣೆಯನ್ನು ಕೊನೆಯವರೆಗೆ ಕೇಳಿಸಿಕೊಂಡು ಎದ್ದು ಬಂದೆ. ಆ ಬಟ್ಲರನ ಚಿತ್ರ ಮತ್ತೆಲ್ಲೂ ಬಂದದ್ದು ನನಗೆ ಗೊತ್ತಿಲ್ಲ. ಮೆವ್ರೌ ಮರುವರ್ಷ ತೀರಿಕೊಂಡರು. ಅಪ್ಪನ ದನಿಯನ್ನು ಅವರು ಕೇಳಲಿಲ್ಲ.