ಎದುರುಬದುರಿನ ಹೆಜ್ಜೆ

ವಾಲಿಬಾಲ್‌ನಲ್ಲಿ ಸ್ಮ್ಯಾಷ್ ಅಂದರೆ ಬರೀ ಕೈಯ ಜೋರು ಎಂದುಕೊಂಡವರು ನನ್ನ ಚಿಕ್ಕಮ್ಮನ ಆಟ ನೋಡಿಲ್ಲ. ಅದು ಹುಟ್ಟುವುದು ಕಾಲಲ್ಲಿ. ಮೂರು ಹೆಜ್ಜೆ ಓಟ, ಕೊನೆಯೆರಡನ್ನು ನೆಲಕ್ಕೆ ಊರಿ ನೆಗೆತ, ಮೊಣಕೈ ಕಿವಿಗಿಂತ ಮೇಲೆ. ಜೊತೆಗಾತಿ ಲಿಫ್ಟ್ ಮಾಡಿದ, ಅಂದರೆ ಎತ್ತಿಕೊಟ್ಟ, ಚೆಂಡು ಮೇಲೇರಿ ಒಂದು ಕ್ಷಣ ನಿಂತಂತೆ ಕಾಣುತ್ತದೆ. ಆಗ ಹೊಡೆಯಬೇಕು.

"ಆ ನಿಂತಿರೋ ಕ್ಷಣ ಇದ್ಯಲ್ಲ, ಅದೊಂದು ಸಿಕ್ರೆ ಸಾಕು ಕಣೇ. ಕೆಳಗೆ ಯಾರೂ ಇರಲ್ಲ, ಸದ್ದೂ ಇರಲ್ಲ," ಎನ್ನುತ್ತಿದ್ದಳು ಚಿಕ್ಕಮ್ಮ. ಹೇಳುವಾಗ ಅವಳ ಕಣ್ಣು ಎಲ್ಲೋ ಹೋಗಿರುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕಿದರೂ ಗೊತ್ತಾಗುತ್ತಿರಲಿಲ್ಲ. ಒರೆಸುವ ಕೆಲಸ ನನ್ನದು.

ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬೆಡ್‌ಶೀಟ್ ಮಡಿಸುವವಳು. ಎದುರಿಗೆ ಹಿಡಿಯುವವಳು ಉದ್ದಕ್ಕ. ಎತ್ತರ ನಾಲ್ಕೂಮುಕ್ಕಾಲು ಅಡಿ, ಹೆಸರು ಉದ್ದಕ್ಕ. ಇಟ್ಟವರ ನಾಲಿಗೆಗೆ ಎಲುಬಿರಲಿಲ್ಲ. ಬಿಸಿ ಯಂತ್ರಗಳ ಆವಿ, ಎತ್ತರದ ಕಿಟಕಿಯಿಂದ ಇಳಿಯುವ ಬೆಳಕು, ಆ ಬೆಳಕಿನಲ್ಲಿ ಏಳುವ ಬೀಳುವ ಬಿಳಿ ಬಟ್ಟೆ. ಒಮ್ಮೆ ಅಲ್ಲಿ ಹೋಗಿ ನಿಂತ ನಾನು, ಬಂದ ಕೆಲಸವನ್ನೇ ಮರೆತಿದ್ದೆ.

ಇಬ್ಬರೂ ಎರಡೆರಡು ಮೂಲೆ ಹಿಡಿದು ಜಾಡಿಸಿ, ಎದುರುಬದುರಾಗಿ ಮೂರು ಹೆಜ್ಜೆ ನಡೆದು, ಮೂಲೆಗೆ ಮೂಲೆ ಕೂಡಿಸಬೇಕು. ಉದ್ದಕ್ಕ ಎಡಗಾಲು ಎತ್ತಿದರೆ ಚಿಕ್ಕಮ್ಮ ಬಲಗಾಲು, ಕನ್ನಡಿಯಲ್ಲಿ ನೋಡಿದ ಹಾಗೆ. ತಪ್ಪಿದರೆ ಬಟ್ಟೆ ಸೊಟ್ಟ. ದಿನಕ್ಕೆ ನಾನೂರು ಬೆಡ್‌ಶೀಟಿನಂತೆ ಇಪ್ಪತ್ತು ವರ್ಷ ಹೀಗೇ ನಡೆದಿದ್ದರು.

ಊಟದ ಬಿಡುವಿನಲ್ಲಿ ಚಿಕ್ಕಮ್ಮನನ್ನು ಹಿತ್ತಲ ಬಯಲಿಗೆ ಕರೆದೊಯ್ದು ಸ್ಮ್ಯಾಷ್ ಕಲಿಸಿದ್ದೂ ಉದ್ದಕ್ಕನೇ. ಕಲಿಸುವಾಗ ಎದುರಿಗೇ ನಿಂತು, "ಹೀಗೆ, ಹೀಗೆ, ಹೀಗೆ" ಎಂದು ಹೆಜ್ಜೆ ಹಾಕಿ ತೋರಿಸಿದಳು. ಚಿಕ್ಕಮ್ಮ ಬೆಡ್‌ಶೀಟ್ ಹಿಡಿದವಳಂತೆ ಕನ್ನಡಿ ಹೆಜ್ಜೆ ಹಾಕಿ ಕಲಿತಳು. ಅಂದರೆ ಪೂರ್ತಿ ಉಲ್ಟಾ. ಉದ್ದಕ್ಕ ಲಿಫ್ಟ್ ಮಾಡುವವಳು; ಅವಳ ಕಣ್ಣು ಸದಾ ಚೆಂಡಿನ ಮೇಲೆ. ಬೇರೆ ಯಾರೂ ಗಮನಿಸಲೂ ಇಲ್ಲ.

ಗಮನಿಸಿದ್ದು ಆಸ್ಪತ್ರೆಯ ಹೆಂಗಸರ ತಂಡಕ್ಕೆ ತರಬೇತಿ ಕೊಡಲು ಹೊಸದಾಗಿ ಬಂದ ಸೀಟಿ ಮೇಷ್ಟ್ರು. ಟೀ ಕುಡಿಯುವಾಗಲೂ ಕೊರಳಲ್ಲಿ ಸೀಟಿ ನೇತಾಡುವ ಮನುಷ್ಯ.

"ಬಲಗೈಯಲ್ಲಿ ಹೊಡೆಯೋರು ಎಡ, ಬಲ, ಎಡ ಅಂತ ಬರ್ಬೇಕಮ್ಮ. ನೀವು ಉಲ್ಟಾ ಬರ್ತೀರ. ಸೊಂಟ ತಿರುಗಲ್ಲ, ಏಟಿನ ಅರ್ಧ ಜೋರು ಅಲ್ಲೇ ಹೋಯ್ತು. ಯಾರು ಕಲಿಸಿದ್ದು?"

ಉದ್ದಕ್ಕ ಪಕ್ಕದಲ್ಲೇ ಇದ್ದಳು.

"ಯಾರೂ ಇಲ್ಲ ಸರ್. ನಾನೇ," ಎಂದಳು ಚಿಕ್ಕಮ್ಮ.

"ಮೂರು ವಾರದಲ್ಲಿ ತಿದ್ಕೊಳ್ಳಿ. ಇಲ್ದಿದ್ರೆ ಬೆಂಚು."

ಮೂರು ವಾರಕ್ಕೆ ಮುದ್ರಣಾಲಯದ ಹೆಂಗಸರೊಂದಿಗೆ ಪಂದ್ಯ. ಅದರ ಮರುದಿನ ಉದ್ದಕ್ಕನಿಗೆ ನಿವೃತ್ತಿ. ಉದ್ದಕ್ಕ ಎತ್ತಿಕೊಟ್ಟ ಚೆಂಡು ಹೊಡೆಯಲು ಚಿಕ್ಕಮ್ಮನಿಗೆ ಉಳಿದಿದ್ದು ಅದೊಂದೇ ಪಂದ್ಯ. ಬೆಂಚಿನ ಮೇಲೆ ಕೂತು ಅದನ್ನು ನೋಡುವುದೆಂದರೆ ಅವಳಿಗೆ ಎದೆ ಬಿರಿಯುತ್ತಿತ್ತು.

ಪಡಸಾಲೆಯಲ್ಲಿ ಎಡ, ಬಲ, ಎಡ. ಬೀದಿಯಲ್ಲಿ ಎಡ, ಬಲ, ಎಡ. ತರಕಾರಿ ಚೀಲ ಹಿಡಿದು ನೆಗೆಯುವ ಹೆಂಗಸನ್ನು ಕಂಡು ಬೀದಿಯವರು ದಾರಿ ಬಿಟ್ಟರು. ನಾನು ನಗುವಷ್ಟು ನಕ್ಕೆ. ಆ ಪಾಪ ನನ್ನದೇ. ಹೆಜ್ಜೆ ಸರಿಯಾದಷ್ಟೂ ಹೊಡೆತ ಕೆಟ್ಟಿತು. ಚೆಂಡು ನೆಟ್ಟಿಗೆ, ಇಲ್ಲವೇ ಆಕಾಶಕ್ಕೆ. "ನಿಲ್ತಾನೇ ಇಲ್ಲ ಕಣೇ ಚೆಂಡು," ಎಂದಳು ಒಂದು ಸಂಜೆ. ಆ ಮುಖ ನೋಡಿದ ಮೇಲೆ ನನಗೆ ನಗು ಬರಲಿಲ್ಲ.

ಪಂದ್ಯಕ್ಕೆ ಎರಡು ದಿನ ಇರುವಾಗ, ಮಡಿಸುವ ಕೋಣೆಯಲ್ಲಿ ಚಿಕ್ಕಮ್ಮ ಮರೆತು ಎಡಗಾಲು ಮುಂದಿಟ್ಟಳು. ಉದ್ದಕ್ಕನದೂ ಎಡಗಾಲು. ಬೆಡ್‌ಶೀಟ್ ಸೊಟ್ಟಗಾಗಿ ಇಬ್ಬರ ನಡುವೆ ಜೋತುಬಿತ್ತು. ಉದ್ದಕ್ಕ ಅದನ್ನು ನೋಡಿದಳು, ಚಿಕ್ಕಮ್ಮನ ಕಾಲು ನೋಡಿದಳು, ತನ್ನ ಕಾಲು ನೋಡಿಕೊಂಡಳು.

"ಅಯ್ಯೋ, ಉಲ್ಟಾ ಕಲ್ಸಿದ್ದು ನಾನೇ ಅಲ್ವೇನೇ!" ಎಂದಳು. "ಯಾಕೆ ಹೇಳ್ಲಿಲ್ಲ ನೀನು?"

"ಹೋಗುವಾಗ ನಿನ್ನ ತಲೆ ಮೇಲೆ ತಪ್ಪು ಹೊರಿಸಿ ಕಳಿಸ್ಲಾ ಅಕ್ಕ?"

ಉದ್ದಕ್ಕ ಅರ್ಧ ಮಡಿಸಿದ ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡೇ ಮೇಷ್ಟ್ರ ಬಳಿಗೆ ಹೋದಳು.

"ಅವಳ ಕಾಲು ಉಲ್ಟಾ ಮಾಡಿದ್ದು ನಾನು ಸರ್. ಇಪ್ಪತ್ತು ವರ್ಷದಿಂದ ಆ ಕಾಲಿಗೇ ಲಿಫ್ಟ್ ಮಾಡ್ತಿದೀನಿ. ಅವಳದು ತಪ್ಪಾದ್ರೆ ನಂದೂ ತಪ್ಪು. ಕೂರ್ಸೋದಾದ್ರೆ ಇಬ್ರನ್ನೂ ಕೂರ್ಸಿ."

ಮೇಷ್ಟ್ರು ಸೀಟಿ ಬಾಯಿಗಿಟ್ಟರು, ಊದಲಿಲ್ಲ.

ಪಂದ್ಯದ ಮೊದಲೆರಡು ಸೆಟ್ ಇಬ್ಬರನ್ನೂ ಬೆಂಚಿನಲ್ಲಿ ಕೂರಿಸಿ, ಮೂರನೆಯದಕ್ಕೆ ಇಳಿಸಿದರು. ಇಳಿಬಿಸಿಲು ನೆಟ್ಟಿನ ಮೂಲಕ ಹಾಯುತ್ತಿತ್ತು. ಉದ್ದಕ್ಕ ಬೆರಳ ತುದಿಯಿಂದ ಚೆಂಡನ್ನು ಮೇಲಕ್ಕೆ ಕಳಿಸಿದಳು. ಚಿಕ್ಕಮ್ಮ ಓಡಿದಳು: ಬಲ, ಎಡ, ಬಲ. ಮುದ್ರಣಾಲಯದ ಇಬ್ಬರು ಎತ್ತರದ ಹೆಂಗಸರು ಬ್ಲಾಕಿಗೆ ನೆಗೆದರು. ಎಲ್ಲರೂ ಹಾಕುವ ಹೆಜ್ಜೆಯ ಲೆಕ್ಕದಲ್ಲಿ ನೆಗೆದವರು ಅವರು. ಉಲ್ಟಾ ಹೆಜ್ಜೆಯ ಚಿಕ್ಕಮ್ಮ ಅರೆಕ್ಷಣ ತಡ. ಅವರ ಕೈಗಳು ಇಳಿಯುತ್ತಿದ್ದಾಗ ಇವಳು ಏರುತ್ತಿದ್ದಳು. ಚೆಂಡು ನಿಂತಿತ್ತು. ಅಂಕಣದ ಪಕ್ಕದಲ್ಲಿ ಕೂತ ನನಗೂ, ಸುಳ್ಳು ಹೇಳುವುದಿಲ್ಲ, ಯಾವ ಸದ್ದೂ ಕೇಳಿಸಲಿಲ್ಲ. ಆಮೇಲೆ ಅಂಗೈ ಬಿದ್ದ ಸದ್ದು, ಆಚೆ ಧೂಳು. ಅಂಥವು ಐದು ಹೊಡೆದಳು. ಪಂದ್ಯ ಎರಡು ಪಾಯಿಂಟಿಗೆ ಸೋತೆವು. ಸೋತವರಿಬ್ಬರು ಅಪ್ಪಿಕೊಂಡು ನಗುತ್ತಿದ್ದರೆ ಗೆದ್ದವರು ಬೆಪ್ಪಾಗಿ ನೋಡುತ್ತಿದ್ದರು.

ಮುಂದಿನ ಭಾನುವಾರ ಚಿಕ್ಕಮ್ಮ ಮನೆಯ ಬೆಡ್‌ಶೀಟ್ ಒಣಗಿಸಿ ತಂದು, "ಹಿಡ್ಕೋ ಬಾರೇ," ಎಂದಳು. ಹಿಡಿದೆ. ಜಾಡಿಸಿದೆವು. ಅವಳು ನಿಂತೇ ಇದ್ದಳು.

"ಏನಾಯ್ತು ಚಿಕ್ಕಮ್ಮ?"

"ಅವಳು ಎದುರಿಗಿಲ್ದೆ ಕಾಲೇ ಏಳ್ತಿಲ್ಲ ಕಣೇ," ಎಂದವಳ ಕಣ್ಣಿನಿಂದ ನೀರು ಇಳಿಯಿತು.

ನಾನು ಎಡಗಾಲು ಎತ್ತಿದೆ. ಸ್ವಲ್ಪ ಹೊತ್ತಾದ ಮೇಲೆ, ಅವಳ ಬಲಗಾಲು ಎದ್ದಿತು.