ಪೂರ್ತಿ ಬಂದ್ ಮಾಡದ ಕಂಪ್ಯೂಟರು

ಗದಗ ಜಿಲ್ಲೆಯಾಗಿ ಬಹಳ ವರ್ಷಗಳಾದ ಮೇಲಿನ ಮಾತು. ಇಸವಿ ಹೇಳಲಾರೆ, ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಬೆಟಗೇರಿಯಲ್ಲಿ ನೇಕಾರನಾಗಿರುವ ನನ್ನ ಶಾಲೆಯ ಗೆಳೆಯ ಸೀರೆಯ ದಡಿಯ, ಅಂದರೆ ಅಂಚಿನ, ನಕ್ಷೆಗಳನ್ನು ಗ್ರಾಫ್ ಹಾಳೆ ಬಿಟ್ಟು ಕಂಪ್ಯೂಟರಿನಲ್ಲಿ ಬಿಡಿಸತೊಡಗಿದ್ದ. ಆ ಯಂತ್ರ ಹಳತಾಗಿತ್ತು. ನಾನು ಬಳಸಿ ಬಿಟ್ಟ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿ ಅವನ ಮನೆಗೆ ಒಯ್ದೆ. ಅವನು ಆಗಲೇ ಹಳೆಯದರ ಡಿಸ್ಕನ್ನು ಬಿಚ್ಚಿಟ್ಟಿದ್ದ. ಮುಂಡರಗಿಯ ಮನೆಯೊಂದಕ್ಕೆ ನೇಯಬೇಕಾದ ಮದುವೆ ಸೀರೆಯ ನಕ್ಷೆ, ಹದಿನೈದು ದಿನಗಳ ಕೆಲಸ, ಅದರೊಳಗಿತ್ತು. ಬೇರೆ ಪ್ರತಿ ಇರಲಿಲ್ಲ.

ಡಿಸ್ಕನ್ನು ಕೇಬಲಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಡಿಸ್ಕಿನ ಹೆಸರು ಕಂಡಿತು, ಒತ್ತಿದರೆ ತೆರೆಯಲಿಲ್ಲ. ಅನುಮತಿಯ ತೊಡಕೆಂದು ತೀರ್ಮಾನಿಸಿ, ಓದುವ ಬರೆಯುವ ಹಕ್ಕನ್ನು ಅವನ ಹೆಸರಿಗೆ ಮಾಡಲು ಒಂದರ ಮೇಲೊಂದು ಕಮಾಂಡ್ ಕೊಟ್ಟೆ. ಏನೂ ಆಗಲಿಲ್ಲ. ಅಷ್ಟರಲ್ಲಿ ಅವನು ಪರೀಕ್ಷೆಗೆಂದು ಒಂದು ಹಂಸ ಬಿಡಿಸಿದ. ಪರದೆಯಲ್ಲಿ ಅದು ಅಡ್ಡಕ್ಕೆ ಹಿಗ್ಗಿತ್ತು.

“ಇಷ್ಟ ವರ್ಷ ಓದಿ ಬಂದು ಹಂಸನ್ನ ಎಮ್ಮಿ ಮಾಡಿದ್ಯಲ್ಲಲೇ!”

ಆ ತಪ್ಪು ನನ್ನದೇ. ಲಿನಕ್ಸ್ ಹಾಕುವಾಗ ಪರದೆ ಕಪ್ಪಾಗಿ ನಿಂತದ್ದರಿಂದ, ಪರದೆಗೆ ಸರಿಯಾದ ಅಳತೆಯಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಡ್ರೈವರ್ ಇಲ್ಲದೆ ಶುರುವಾಗುವಂತೆ ಒಂದು ಸೂಚನೆ ಸೇರಿಸಿದ್ದೆ. ತೆಗೆಯಲು ಮರೆತಿದ್ದೆ. ಅದನ್ನು ಅಳಿಸಿ, ಡ್ರೈವರ್ ಹಾಕಿ ಮತ್ತೆ ಶುರು ಮಾಡಿದಾಗ ಹಂಸ ಹಂಸವಾಯಿತು. ಡಿಸ್ಕ್ ಮಾತ್ರ ಹಾಗೇ ಇತ್ತು.

ಆಗ ಅದು ತೋರಿಸುತ್ತಿದ್ದ ಸಂದೇಶವನ್ನು ಕೊನೆಯವರೆಗೆ ಓದಿದೆ. ಇದರಲ್ಲಿ ವಿಂಡೋಸ್ ಮಲಗಿದೆ, ಇನ್ನೂ ಮುಗಿದಿಲ್ಲ ಎಂದಿತ್ತು. ಆ ನಿದ್ದೆಯನ್ನು ಅಳಿಸಿ ಬಲವಂತದಿಂದ ತೆರೆಯುವ ಕಮಾಂಡ್ ನನಗೆ ಗೊತ್ತಿತ್ತು.

“ಪೂರಾ ಬಂದ್ ಮಾಡಿ ಡಿಸ್ಕ್ ತಗದ್ಯೋ ಇಲ್ಲೋ?” ಎಂದೆ.

ಚಹಾ ತಂದ ಅವನ ಹೆಂಡತಿ ನಕ್ಕಳು. “ಅವರು ಎಂದೂ ಪೂರಾ ಬಂದ್ ಮಾಡಂಗಿಲ್ರೀ ಅಣ್ಣಾರ. ಮಲಗಸ್ತಾರ ಅಷ್ಟ.”

“ಮಗ್ಗ ಯಾರರ ಬರಿದು ಮಾಡ್ತಾರೇನಲೇ?” ಎಂದ ಅವನು.

ಒಂದು ಹಾಸು, ಅಂದರೆ ಮಗ್ಗಕ್ಕೆ ಹೂಡಿದ ಉದ್ದದ ಎಳೆಗಳು, ನೇಯ್ದು ಮುಗಿದರೂ ನೇಕಾರರು ಮಗ್ಗದಿಂದ ಎಳೆಗಳನ್ನು ಪೂರ್ತಿ ತೆಗೆಯುವುದಿಲ್ಲ. ತುದಿಗಳನ್ನು ಉಳಿಸಿಕೊಂಡು ಹೊಸ ಹಾಸಿನ ಒಂದೊಂದೇ ಎಳೆಯನ್ನು ಅವಕ್ಕೆ ಹೊಸೆಯುತ್ತಾರೆ. ಕಂಪ್ಯೂಟರನ್ನೂ ಅವನು ಹಾಗೇ ನಡೆಸಿದ್ದ. ನಕ್ಷೆ ತೆರೆದಿದ್ದಂತೆಯೇ ಮಲಗಿಸುವುದು, ಮರುದಿನ ಅಲ್ಲಿಂದಲೇ ಮುಂದುವರಿಸುವುದು.

“ಸೇವ್ ಮಾಡಿದ್ಯೇನು?”

“ಎದಕ್ಕ? ಅಲ್ಲೇ ಇರ್ತೈತಲ್ಲ.”

ಅಂದರೆ ಆ ಹದಿನೈದು ದಿನಗಳೂ ನಿದ್ದೆಯೊಳಗೇ ಇದ್ದವು. ಮಲಗಿಸಿದಾಗ ತೆರೆದಿದ್ದ ಕೆಲಸವನ್ನೆಲ್ಲ ಯಂತ್ರ ಡಿಸ್ಕಿನಲ್ಲೇ ಬರೆದಿಡುತ್ತದೆ; ಆ ನಿದ್ದೆ ಅಳಿಸಿದ್ದರೆ ನಕ್ಷೆಯೂ ಹೋಗುತ್ತಿತ್ತು. ಡಿಸ್ಕನ್ನು ಹಳೆಯ ಯಂತ್ರಕ್ಕೆ ಮರಳಿ ಕೂಡಿಸಿ ಶುರು ಮಾಡಿದೆವು. ದಡಿ ಎದ್ದು ಬಂತು, ಕೊನೆಯ ಹಂಸಕ್ಕೆ ಕುತ್ತಿಗೆಯಷ್ಟೇ ಬಾಕಿ. ಸೇವ್ ಮಾಡಿಸಿ, ಪೂರ್ತಿ ಬಂದ್ ಮಾಡಿಸಿದೆ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ತಕರಾರಿಲ್ಲದೆ ತೆರೆಯಿತು.

ಬಲವಂತದ ಆ ಕಮಾಂಡನ್ನು ನಾನು ಟೈಪ್ ಮಾಡಲೇ ಇಲ್ಲವೆಂದು ನನ್ನ ನೆನಪು. ನಾನು ಟೈಪ್ ಮಾಡಿ ಎಂಟರ್ ಮೇಲೆ ಬೆರಳಿಟ್ಟಿದ್ದಾಗಿಯೂ, ತಾನೇ ನನ್ನ ಕೈ ಹಿಡಿದು ತಡೆದದ್ದಾಗಿಯೂ ಅವನು ಈಗಲೂ ಹೇಳುತ್ತಾನೆ. ಕೊಟ್ಟ ಕಮಾಂಡುಗಳ ಪಟ್ಟಿ ಲ್ಯಾಪ್‌ಟಾಪಿನಲ್ಲಿ ಉಳಿದಿರುತ್ತದೆ. ತೆಗೆದು ನೋಡಿದೆ, ಅದರಲ್ಲಿರಲಿಲ್ಲ. ಆದರೆ ಎಂಟರ್ ಒತ್ತದ ಕಮಾಂಡ್ ಆ ಪಟ್ಟಿಗೆ ಸೇರುವುದೇ ಇಲ್ಲ.