ನಾಯಿ ಹಾಸ್ಟೆಲಿನಲ್ಲಿ ಮಲಗುವ ಡ್ಯೂಟಿ

ಶಿರಾಳಕೊಪ್ಪದಿಂದ ಶಿಕಾರಿಪುರಕ್ಕೆ ಹೋಗುವ ರಸ್ತೆಯ ಪಕ್ಕ ಒಂದು ಕೋಳಿ ಶೆಡ್ಡು ಇತ್ತು. ಕೋಳಿಯಲ್ಲಿ ಲಾಭ ಕಾಣದ ಮಾಲೀಕರು ಅದಕ್ಕೆ ಸುಣ್ಣ ಬಳಿಸಿ, ಪಂಜರ ಕಟ್ಟಿಸಿ, ಪರಊರಿಗೆ ಹೋಗುವವರು ತಮ್ಮ ನಾಯಿಗಳನ್ನು ಬಿಟ್ಟುಹೋಗುವ ಜಾಗ ಮಾಡಿದರು. ಬೋರ್ಡಿನ ಮೇಲೆ ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿದೆ. ಬಸ್ಸಿನ ಕಂಡಕ್ಟರುಗಳು ಮಾತ್ರ “ನಾಯಿ ಹಾಸ್ಟೆಲ್ ಯಾರ್ರೀ, ಇಳೀರಿ” ಎಂದು ಕೂಗುತ್ತಾರೆ. ಇಳಿಯುವವನು ನಾನೊಬ್ಬನೇ. ಬಸ್ಸಿನಲ್ಲಿದ್ದವರೆಲ್ಲ ಒಮ್ಮೆ ನನ್ನ ಕಡೆ ತಿರುಗಿ ನೋಡುತ್ತಾರೆ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಬಿ.ಎ. ಓದಿದವನು ಎಂದಲ್ಲ, ತಾಳಗುಂದದ ಹತ್ತಿರ ನಮ್ಮ ಮನೆಯಲ್ಲಿ ಕುರಿಗಳಿವೆ ಎಂದು. ಹಾಸ್ಟೆಲಿನಲ್ಲಿ ಪ್ರತಿ ಪಂಜರದ ಮೇಲೂ ಒಂದು ಫಲಕ ಇರುತ್ತಿತ್ತು: ನಾಯಿಯ ಹೆಸರು, ವಯಸ್ಸು, ಇಷ್ಟದ ತಿಂಡಿ. ಕೆಲಸದವರು ನಾವಿಬ್ಬರು. ನಾನು, ಮತ್ತು ಜಡೆ ಊರಿನಿಂದ ಬಂದು ನಾಯಿಗಳಿಗೆ ಅನ್ನ, ಕೋಳಿ ಬೇಯಿಸುವ ಅಕ್ಕ. ನಮಗಿಬ್ಬರಿಗೂ ಮಾಲೀಕರು ಇಟ್ಟ ಹೆಸರು ಒಂದೇ, ‘ಏನ್ರೀ’. ಅವರು ಹಾಗೆ ಕೂಗಿದರೆ ಇಬ್ಬರೂ ಓಡಬೇಕಿತ್ತು.

ಮುಂದಿನ ಕೋಣೆಗೆ ಟೈಲ್ಸ್ ಹಾಕಿಸಿದ್ದರು. ಗೋಡೆಯ ಮೇಲೆ ನಾಯಿಮರಿಗಳ ಚಿತ್ರ, ಒಂದು ದೊಡ್ಡ ಕೂಲರ್, ಮೂಲೆಯಲ್ಲಿ ಕ್ಯಾಮೆರಾ. ನಾಯಿಯ ಮನೆಯವರು ಎಲ್ಲಿದ್ದರೂ ಗೊತ್ತುಮಾಡಿದ ಹೊತ್ತಿಗೆ ಮೊಬೈಲಿನಲ್ಲಿ ತಮ್ಮ ನಾಯಿಯನ್ನು ನೋಡಬಹುದಿತ್ತು. ಆ ಹೊತ್ತಿಗೆ ಆ ನಾಯಿಯನ್ನು ಮುಂದಿನ ಕೋಣೆಗೆ ತರುವುದು, ಮುಗಿದ ಮೇಲೆ ಹಿಂದಿನ ಶೆಡ್ಡಿಗೆ ಒಯ್ಯುವುದು ನನ್ನ ಕೆಲಸ. ಹಿಂದಿನ ಶೆಡ್ಡಿಗೆ ಕೋಳಿಗಳ ಕಾಲದ ತಗಡೇ ಇತ್ತು. ಅಲ್ಲಿ ಕ್ಯಾಮೆರಾ ಇರಲಿಲ್ಲ, ಹಾಗಾಗಿ ಫ್ಯಾನೂ ಇರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಮಧ್ಯಾಹ್ನ ಅಲ್ಲಿ ನಿಂತರೆ ನೆತ್ತಿ ಸುಡುತ್ತಿತ್ತು. ನಾನೂ ಅಕ್ಕನೂ ಊಟಕ್ಕೆ ಕೂರುತ್ತಿದ್ದುದು ಅಲ್ಲೇ.

“ನಾಯಿಗಾದ್ರೂ ಒಂದು ಗಳಿಗೆ ಕೂಲರ್ ಸಿಗ್ತದೆ ತಮ್ಮಾ. ನಮ್ಮನ್ನ ನೋಡೋಕೆ ಯಾರು ಮೊಬೈಲ್ ಹಿಡ್ಕಂಡು ಕೂತಿದಾರೆ?” ಅನ್ನುತ್ತಿದ್ದಳು ಅಕ್ಕ.

ಆ ಬೇಸಿಗೆಯಲ್ಲಿ ಸೊರಬದ ಬ್ಯಾಂಕ್ ಮೇಡಂ ಒಬ್ಬರು ಕಾಶಿಗೆ ಹೊರಟು, ತಮ್ಮ ಮುದಿ ಲ್ಯಾಬ್ರಡಾರ್ ನಾಯಿಯನ್ನು ಮಾಲೀಕರ ಕೈಗೆ ಒಪ್ಪಿಸಿ ಹೋದರು. ದಪ್ಪ ಮೈ, ನೋಯುವ ಹಿಂಗಾಲು. ತಗಡಿನ ಕೆಳಗೆ ನಾಲಿಗೆ ಚಾಚಿ ತೇಕುತ್ತ ಬಿದ್ದಿರುತ್ತಿತ್ತು. ದಿನದಿಂದ ದಿನಕ್ಕೆ ಊಟ ಕಡಿಮೆಯಾಯಿತು. ನಾನು ಮಾಲೀಕರ ಹತ್ತಿರ ಹೋದೆ.

“ಸರ್, ಹಿಂದ್ಗಡೆ ಒಂದು ಫ್ಯಾನಾದ್ರೂ ಹಾಕ್ಸ್ರಿ. ಇಲ್ಲಾಂದ್ರೆ ಆ ಮುದಿ ನಾಯೀನ ಮುಂದಿನ ಕೋಣೇಲೇ ಬಿಡ್ರಿ. ಅದು ತಡಿಯಂಗಿಲ್ಲ.”

“ಅಲ್ಲೇ ಬಿಟ್ರೆ ಉಳಿದ ನಾಯಿ ಜೋಡಿ ಕಿತ್ತಾಡ್ತೈತ್ರೀ. ಕ್ಯಾಮೆರಾದಾಗ ಚಲೋನೇ ಕಾಣ್ತೈತಲ್ಲ, ಮತ್ತೇನು?”

ಕಾಣದೆ ಏನು? ಕೂಲರ್ ಮುಂದೆ ಬಿಟ್ಟರೆ ಯಾರಾದರೂ ಚೆನ್ನಾಗಿಯೇ ಕಾಣುತ್ತಾರೆ.

ಒಂದು ಮಧ್ಯಾಹ್ನ ಮೇಡಂ ನೋಡುವ ಹೊತ್ತಿಗೆ ಆ ನಾಯಿಯನ್ನು ಮುಂದಕ್ಕೆ ತಂದೆ. ಅದು ತಣ್ಣನೆಯ ಟೈಲ್ಸಿಗೆ ಹೊಟ್ಟೆ ಊರಿ ಮಲಗಿತು. ಬೆಳಗಿನಿಂದ ಶೆಡ್ಡು ತೊಳೆದಿದ್ದ ನಾನು ಪಕ್ಕದಲ್ಲಿ ಕುಳಿತೆ, ಕುಳಿತವನು ಹಾಗೇ ಒರಗಿದೆ. ಕುರಿ ಮಂದೆಯೊಳಗೇ ಮಲಗಿ ಬೆಳೆದವನು ನಾನು. ಪ್ರಾಣಿಯೊಂದರ ಉಸಿರು ಪಕ್ಕದಲ್ಲಿದ್ದರೆ ಸಾಕು, ನಿದ್ದೆ ಬಂದುಬಿಡುತ್ತದೆ. ಎಚ್ಚರವಾದಾಗ ಮಾಲೀಕರು ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಮೊಬೈಲ್. ಕೆಲಸ ಹೋಯಿತು ಅಂದುಕೊಂಡು ಎದ್ದೆ.

“ಮೇಡಂ ಫೋನ್ ಮಾಡಿದ್ರು. ನಾಯಿ ಪಕ್ಕ ಮನುಷ್ಯರು ಮಲಗ್ತಾರೆ ಅಂತ ನೀವು ಹೇಳೇ ಇರ್ಲಿಲ್ವಲ್ಲ, ನೋಡಿ ಭಾಳ ಸಮಾಧಾನ ಆತು ಅಂದ್ರು,” ಎಂದರು. “ಏನ್ರೀ, ನಾಳಿಂದ ಎಲ್ಲಾ ನಾಯಿ ಜೋಡೀನೂ ಮಲಗ್ರಿ.”

ಹೀಗೆ ನನ್ನ ನಿದ್ದೆ ಡ್ಯೂಟಿಗೆ ಸೇರಿತು. ಬೋರ್ಡಿನ ಮೇಲೆ ‘ಮನೆಯಂಥ ವಾತಾವರಣ’ ಎಂದು ಬರೆಸಿದರು. ನಾನು ಗೊರಕೆ ಹೊಡೆಯುವಂತಿರಲಿಲ್ಲ, ಕ್ಯಾಮೆರಾಕ್ಕೆ ಬೆನ್ನು ಮಾಡುವಂತಿರಲಿಲ್ಲ, ಅಂಗಿ ಇಸ್ತ್ರಿಯಾಗಿರಬೇಕಿತ್ತು. ತೊಳೆಯುವ, ಬಳಿಯುವ ಕೆಲಸವೆಲ್ಲ ಮೊದಲಿನಂತೆಯೇ ಇತ್ತು, ಮಲಗುವುದು ಅದರ ಮೇಲೆ. ಪೊಮೆರೇನಿಯನ್ ನಾಯಿ ಕಿವಿ ನೆಕ್ಕುತ್ತಿತ್ತು. ಜರ್ಮನ್ ಶೆಫರ್ಡ್ ಪಕ್ಕ ಮಲಗಿದಾಗ ಅದು ಗುರ್ ಎಂದರೂ ನಾನು ನಿದ್ದೆಯಲ್ಲಿರುವಂತೆಯೇ ಕಾಣಬೇಕಿತ್ತು. ಸಂಜೆಯ ಹೊತ್ತಿಗೆ ಮೈ ಕೈಯೆಲ್ಲ ನೋವು. ನಿದ್ದೆ ಮಾಡಿ ಸುಸ್ತಾದವರನ್ನು ಇದೇ ಮೊದಲು ನೋಡುತ್ತಿರುವುದಾಗಿ ಅಕ್ಕ ಹೇಳಿದಳು.

ಆದರೆ ಮುದಿ ನಾಯಿಗೆ ಕೂಲರ್ ಸಿಗುತ್ತಿದ್ದುದು ಮೇಡಂ ನೋಡುವಷ್ಟು ಹೊತ್ತು ಮಾತ್ರ. ಒಂದು ದಿನ ಅದನ್ನು ಹಿಂದಕ್ಕೆ ಒಯ್ಯುವಾಗ ಶೆಡ್ಡಿನ ಬಾಗಿಲಲ್ಲೇ ಕುಸಿಯಿತು. ಬಾಯಿಂದ ದಪ್ಪ ಜೊಲ್ಲು ಇಳಿಯುತ್ತಿತ್ತು. ತಲೆ ಎತ್ತಲಾಗದೆ ಕಣ್ಣಷ್ಟೇ ತಿರುಗಿಸಿ ನನ್ನನ್ನು ನೋಡಿತು. ಇದು ಸತ್ತರೆ ಮೇಡಂಗೆ ಹೇಳಲು ‘ವಯಸ್ಸಾಗಿತ್ತು’ ಎಂಬ ಮಾತು ಮಾಲೀಕರ ಬಾಯಲ್ಲಿ ಸಿದ್ಧವಾಗಿಯೇ ಇರುತ್ತದೆಂದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಯಾವ ಕುರಿಗೆ ಹುಷಾರಿಲ್ಲವೋ ಅದರ ಪಕ್ಕದಲ್ಲೇ ಅಪ್ಪ ಕಂಬಳಿ ಹಾಸುತ್ತಿದ್ದರು. ನಾನು ಮುಂದಿನ ಕೋಣೆಯ ಚಾಪೆ ಸುತ್ತಿಕೊಂಡು ಬಂದೆ. ನಾಯಿಯ ಮೈಮೇಲೆ ನೀರು ಹನಿಸಿ, ಹೊಟ್ಟೆಯ ಕೆಳಗೆ ಒದ್ದೆ ಗೋಣಿ ಸೇರಿಸಿ, ಪಕ್ಕದಲ್ಲಿ ಮಲಗಿದೆ. ಅಕ್ಕ ಮೊರ ತಂದು ಗಾಳಿ ಹಾಕುತ್ತ ಕುಳಿತಳು.

ಅತ್ತ ಮುಂದಿನ ಕೋಣೆಯಲ್ಲಿ ಸರದಿಗೆಂದು ನಾನು ಮೊದಲೇ ತಂದು ಕಟ್ಟಿದ್ದ ಪೊಮೆರೇನಿಯನ್ ಕ್ಯಾಮೆರಾದಲ್ಲಿ ಒಂಟಿಯಾಗಿ ಕಂಡಿತು. ಪಕ್ಕ ಮಲಗುವ ಮನುಷ್ಯ ಎಲ್ಲಿ ಎಂದು ಅದರ ಮನೆಯವರ ಫೋನ್ ಬಂತು. ಮಾಲೀಕರು ಓಡಿ ಬಂದರು.

“ಏನ್ರೀ ಇದು, ಡ್ಯೂಟಿ ಹೊತ್ತಿನಾಗ ಇಲ್ಲಿ ಬಂದು ಮಲಗೀರಿ? ಅಲ್ಲಿ ಮಲಗೋರು ಯಾರು?”

“ಈ ನಾಯಿ ಎಲ್ಲಿರ್ತದೋ ನಾನು ಅಲ್ಲೇ ಮಲಗೋದು ಸರ್. ಬೇಕಾದ್ರೆ ಕ್ಯಾಮೆರಾ ಇಲ್ಲಿಗೆ ತರ್ರಿ.”

ಅವರ ಮುಖ ಕೆಂಪಾಯಿತು. ಬೇರೆ ದಿನವಾಗಿದ್ದರೆ ಅಲ್ಲೇ ನನ್ನ ಲೆಕ್ಕ ಚುಕ್ತಾ ಮಾಡಿ ಕಳಿಸುತ್ತಿದ್ದರು. ಆದರೆ ಅಷ್ಟರಲ್ಲಿ ನನ್ನ ನಿದ್ದೆಗೂ ಗಿರಾಕಿಗಳಿದ್ದರು. ಏಳಲಾರದ ನಾಯಿಯನ್ನು ಮುಂದಕ್ಕೆ ಒಯ್ಯುವಂತಿರಲಿಲ್ಲ. ಕ್ಯಾಮೆರಾವನ್ನು ಹಿಂದಕ್ಕೆ ತರುವುದು ಸುಲಭ. ಆದರೆ ಅದರಲ್ಲಿ ಕಾದ ತಗಡು, ತೇಕುವ ನಾಯಿಗಳು ಗಿರಾಕಿಗಳಿಗೆ ಕಂಡುಬಿಡುತ್ತವಲ್ಲ, ಅದೇ ಅವರಿಗೆ ಕಷ್ಟ. ನಾನು ಬಾಯಿಬಿಟ್ಟು ಕೇಳಿದರೂ ಆಗದಿದ್ದುದೆಲ್ಲ ಆ ಸಂಜೆಯೊಳಗೆ ಆಯಿತು. ಶಿರಾಳಕೊಪ್ಪದಿಂದ ಕೂಲರ್ ಬಂತು, ತಗಡಿನ ಮೇಲೆ ತೆಂಗಿನ ಗರಿ ಹೊದಿಸಿ ನೀರು ಬಿಟ್ಟರು, ದನದ ಡಾಕ್ಟರು ಬಂದು ಮುದಿ ನಾಯಿಗೆ ಗ್ಲೂಕೋಸ್ ಹಾಕಿದರು. ಎಲ್ಲ ಆದ ಮೇಲೆ ಕ್ಯಾಮೆರಾ ಕೂರಿಸಿದರು. ಮರುದಿನ ನಾಯಿ ಬಟ್ಟಲಿಗೆ ಬಾಯಿ ಹಾಕಿತು. ಅಕ್ಕ ಒಲೆಯ ಹತ್ತಿರ ಹೋಗಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಹೊಗೆ ಎಂದಳು. ಅದು ಗ್ಯಾಸ್ ಒಲೆ.

ಮೇಡಂ ಕಾಶಿಯಿಂದ ಬಂದರು. ಮಾಲೀಕರಿಗೆ ಗಂಗಾಜಲದ ಗಿಂಡಿ ಕೊಟ್ಟು ಕೈ ಮುಗಿದರು. ಬಕೆಟ್ಟು, ಪೊರಕೆ ಹಿಡಿದು ಶೆಡ್ಡು ತೊಳೆಯುತ್ತಿದ್ದ ನನ್ನನ್ನು ದಾಟಿ ಹೋದವರು ಹಿಂತಿರುಗಿ ನೋಡಿದರು.

“ಮಲಗಿರ್ತಿದ್ದೋರು ನೀವೇ ಅಲ್ವಾ? ಗುರ್ತೇ ಸಿಕ್ಲಿಲ್ಲ ನೋಡಿ. ನೀವು ಎದ್ದಿದ್ದನ್ನ ನಾನು ಒಂದಿನಾನೂ ನೋಡಿಲ್ಲ.”

ಪ್ರೀತಿಯಿಂದಲೇ ಅಂದರು. ನಾಯಿ ಅವರ ಕೈಯಿಂದ ಹಗ್ಗ ಜಗ್ಗಿಕೊಂಡು, ಹಿಂಗಾಲು ಎಳೆಯುತ್ತ ಒದ್ದೆ ನೆಲದ ಮೇಲೆ ನನ್ನ ಹತ್ತಿರ ಬಂತು. ಬಕೆಟ್ಟು ಮೂಸಿತು, ಪೊರಕೆ ಮೂಸಿತು, ನನ್ನ ಪಾದದ ಮೇಲೆ ಗದ್ದ ಇಟ್ಟು ಒಂದು ಗಳಿಗೆ ಮಲಗಿತು. ಆಮೇಲೆ ಕಾರು ಹತ್ತಿತು.

“ಏನ್ರೀ,” ಎಂದು ಕೂಗಿದರು ಮಾಲೀಕರು. “ಹೊತ್ತಾತು, ಮಲಗ್ರಿ.”

ಹೋಗಿ ಇನ್ನೊಂದು ನಾಯಿಯ ಉಸಿರಿನ ಪಕ್ಕ ಮಲಗಿದೆ. ಕೂಲರ್ ತಣ್ಣಗೆ ಬೀಸುತ್ತಿತ್ತು. ಕ್ಯಾಮೆರಾದ ಮುಂದೆ ಕಣ್ಣು ಮುಚ್ಚಿದೆ, ನಿದ್ದೆ ಬರಲಿಲ್ಲ.